ಮಾತಿದೆ, ಭಾಷೆ ಕೈಕೊಡುತ್ತಿದೆ: ಕನ್ನಡದ ಮಕ್ಕಳನ್ನು ಇಂಗ್ಲಿಷ್ ಅಳತೆಯಲ್ಲಿ ಅಳೆದರೆ

ಒಂದನೇ, ಎರಡನೇ ಕ್ಲಾಸಿನ ಟೀಚರ್‌ಗಳನ್ನು ಕೇಳಿ ನೋಡಿ. ಇಂಥ ಒಂದಿಬ್ಬರು ಮಕ್ಕಳು ಅವರಿಗೆ ತಕ್ಷಣ ನೆನಪಾಗುತ್ತಾರೆ. ಕಿವಿ ಚೆನ್ನಾಗಿ ಕೇಳುತ್ತೆ. ಆಟದಲ್ಲಿ ಚುರುಕು. ಚಿತ್ರದ ತುಂಡು ಜೋಡಿಸೋದು, ಚಕ್ರ ಬಿಚ್ಚಿ ಮತ್ತೆ ಹಾಕೋದು ಎಲ್ಲ ಸಲೀಸು. ಆದರೆ "ಜಾತ್ರೆಯಲ್ಲಿ ಏನೇನು ನೋಡಿದೆ ಹೇಳು" ಅಂದರೆ "ಹೋದ್ವಿ, ಅದು ಇತ್ತು, ತಿಂದ್ವಿ" ಅಂತ ಹೇಳಿ ಸುಮ್ಮನಾಗುತ್ತಾರೆ. "ಪುಸ್ತಕ ಬ್ಯಾಗಲ್ಲಿಟ್ಟು, ಬಾಟಲಿ ತಗೊಂಡು, ಲೈನಲ್ಲಿ ನಿಂತ್ಕೊ" ಅಂದರೆ ಕೊನೆಯ ಮಾತು ಮಾತ್ರ ಹಿಡಿದು ಲೈನಿಗೆ ಓಡುತ್ತಾರೆ. ಪುಸ್ತಕ ಬೆಂಚಿನ ಮೇಲೇ ಬಿದ್ದಿರುತ್ತೆ. ಟೀಚರ್ ಬೈಯುತ್ತಾರೆ. ಮನೆಯಲ್ಲಿ "ಹೇಳಿದ್ದು ತಲೆಗೇ ಹೋಗಲ್ಲ" ಅನ್ನುತ್ತಾರೆ. ನಾಚಿಕೆ, ಹಟ, ಗಮನ ಇಲ್ಲ, ಮೊದ್ದು ಅಂತ ಹೆಸರುಗಳು ಒಂದೊಂದಾಗಿ ಅಂಟಿಕೊಳ್ಳುತ್ತವೆ.

ಇಂಥವರಲ್ಲಿ ಕೆಲವರಿಗೆ ಇರುವುದು ಭಾಷೆಯನ್ನೇ ಕಲಿಯುವುದರಲ್ಲಿನ ತೊಂದರೆ. ಕಿವುಡುತನ, ಆಟಿಸಂ, ಬುದ್ಧಿಮಾಂದ್ಯ ಯಾವುದೂ ಇಲ್ಲದೆ, ಮನೆಯಲ್ಲಿ ಬೇಕಾದಷ್ಟು ಮಾತು ಕಿವಿಗೆ ಬೀಳುತ್ತಿದ್ದರೂ, ಭಾಷೆ ಮಾತ್ರ ಹಿಡಿತಕ್ಕೆ ಸಿಗಲ್ಲ. ಇದಕ್ಕೆ ಬಹಳ ವರ್ಷ ಹತ್ತಾರು ಹೆಸರುಗಳಿದ್ದವು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಡೊರೊತಿ ಬಿಷಪ್ ಮುಂದಾಳತ್ವದಲ್ಲಿ ಇಂಗ್ಲಿಷ್ ಮಾತಾಡುವ ದೇಶಗಳ ತಜ್ಞರು ಕೂತು ಚರ್ಚಿಸಿ, 2016-17ರಲ್ಲಿ ಒಂದು ಹೆಸರಿಗೆ ಒಪ್ಪಿಕೊಂಡರು: ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಚಿಕ್ಕದಾಗಿ ಡಿಎಲ್‌ಡಿ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೂ ಇದೇ ಹೆಸರಿದೆ.

ಅಪರೂಪದ ತೊಂದರೆ ಇರಬೇಕು ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಸರ್ರೆ ಪ್ರದೇಶದಲ್ಲಿ ಆಗಷ್ಟೇ ಶಾಲೆಗೆ ಸೇರಿದ ಮಕ್ಕಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಬೇರೆ ಕಾರಣವೇ ಇಲ್ಲದೆ ಭಾಷೆಯಲ್ಲಿ ಹಿಂದುಳಿದವರು ಅದರಲ್ಲಿ ಸುಮಾರು 7.5%. ಅಮೆರಿಕದ ಅಯೋವದಲ್ಲಿ 1997ರಲ್ಲಿ ಸಿಕ್ಕ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ, 7.4%. ಅಂದರೆ 30 ಮಕ್ಕಳ ಕ್ಲಾಸಿನಲ್ಲಿ ಇಬ್ಬರು. ಅಯೋವದ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ, ನನಗೆ ಅದೇ ಮುಖ್ಯ ಅನಿಸುತ್ತೆ. ತೊಂದರೆ ಪತ್ತೆಯಾದ ಮಕ್ಕಳಲ್ಲಿ 29% ಮಕ್ಕಳ ಅಪ್ಪ ಅಮ್ಮಂದಿರಿಗೆ ಮಾತ್ರ ಅದಕ್ಕೂ ಮೊದಲು ಯಾರಾದರೂ "ನಿಮ್ಮ ಮಗುವಿನ ಮಾತಿನಲ್ಲಿ ಏನೋ ತೊಂದರೆಯಿದೆ" ಅಂತ ಹೇಳಿದ್ದರು. ಶಾಲೆಯಲ್ಲೇ ಸ್ಪೀಚ್ ಥೆರಪಿಸ್ಟ್ ಇರುವ ದೇಶದ ಕಥೆ ಇದು.

ನಮ್ಮಲ್ಲಿ ಯಾಕೆ ಇದು ಕಣ್ಣಿಗೆ ಬೀಳಲ್ಲ? ಮೊದಲ ಕಾರಣ, ನಾವು ನೋಡುವುದು ನಾಲಿಗೆಯನ್ನು. ಮಗು ಮಾತಾಡಲಿಲ್ಲ ಅಂದರೆ ಬಜೆ ತೇದು ನಾಲಿಗೆಗೆ ಹಚ್ಚುತ್ತೇವೆ. ನಾಲಿಗೆ ಕೆಳಗಿನ ಪೊರೆ ಕತ್ತರಿಸಬೇಕಾ ಅಂತ ಡಾಕ್ಟರನ್ನು ಕೇಳುತ್ತೇವೆ. "ಅವರಪ್ಪನೂ ಐದು ವರ್ಷಕ್ಕೇ ಮಾತಾಡಿದ್ದು" ಅಂತ ಅಜ್ಜಿ ಸಮಾಧಾನ ಹೇಳುತ್ತಾರೆ. (ಅಜ್ಜಿಯ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಈ ತೊಂದರೆ ಮನೆತನದಲ್ಲಿ ಹರಿದು ಬರುತ್ತೆ ಅಂತ ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಅಜ್ಜಿ ಸಮಾಧಾನಕ್ಕೆ ಅಂತ ಹೇಳಿದ್ದು ಡಾಕ್ಟರಿಗೆ ಒಳ್ಳೆ ಸುಳಿವು.) ಮಾತು ತೊದಲಿದರೆ, "ರ" ಬದಲು "ಲ" ಅಂದರೆ ಎಲ್ಲರಿಗೂ ಕೇಳಿಸುತ್ತೆ, ಥೆರಪಿಗೆ ಕರೆದುಕೊಂಡು ಹೋಗುತ್ತಾರೆ. ಉಚ್ಚಾರ ನೆಟ್ಟಗಿದ್ದು ವಾಕ್ಯವೇ ಕಟ್ಟಲು ಬಾರದ ಮಗು "ಮಾತು ಕಮ್ಮಿ" ಅನ್ನಿಸಿಕೊಂಡು ಹಾಗೇ ಮುಂದಿನ ಕ್ಲಾಸಿಗೆ ಹೋಗುತ್ತೆ.

ಈಗ ಇನ್ನೊಂದು ವಿವರಣೆ ಸಿದ್ಧವಾಗಿದೆ: ಮೊಬೈಲು. ಎರಡು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡ, ಆಮೇಲೂ ಐದು ವರ್ಷದ ತನಕ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ ಅಂತ ಭಾರತೀಯ ಮಕ್ಕಳ ತಜ್ಞರ ಸಂಘ ಹೇಳಿದೆ. ಅದು ಸರಿಯೇ. ಫೋನ್ ನೋಡುವ ಹೊತ್ತಿನಲ್ಲಿ ಮಗುವಿನ ಜೊತೆ ಯಾರೂ ಮಾತಾಡಿರುವುದಿಲ್ಲ. ಆದರೆ ಡಿಎಲ್‌ಡಿ ಫೋನಿನಿಂದ ಹುಟ್ಟುವ ಕಾಯಿಲೆ ಅಲ್ಲ, ಫೋನ್ ಕಿತ್ತುಕೊಂಡರೆ ಹೋಗುವುದೂ ಇಲ್ಲ. ಅಷ್ಟರಲ್ಲಿ ಬೈಗುಳವೆಲ್ಲ ಅಮ್ಮನ ಪಾಲಿಗೆ ಬಂದಿರುತ್ತೆ.

ಎರಡನೇ ಕಾರಣ ಹೆಚ್ಚು ಆಳದ್ದು. ಈ ಲೇಖನ ಬರೆಯಲು ಕೂತದ್ದೇ ಅದಕ್ಕೆ. ಭಾಷೆಯ ತೊಂದರೆಯನ್ನು ಪತ್ತೆ ಮಾಡುವ ಪರೀಕ್ಷೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಮಕ್ಕಳಿಗಾಗಿ ಹುಟ್ಟಿದವು. ಇಂಗ್ಲಿಷ್ ಮಗು ಎಲ್ಲಿ ಎಡವುತ್ತೆ ಅಂತ ನೋಡಿ ಪ್ರಶ್ನೆ ಇಟ್ಟಿರುತ್ತಾರೆ. ಕನ್ನಡದ ಮಗು ಎಡವುವ ಜಾಗ ಬೇರೆ.

1990ರ ದಶಕದಲ್ಲಿ ಮೇಬಲ್ ರೈಸ್, ಕೆನೆತ್ ವೆಕ್ಸ್ಲರ್ ಮೊದಲಾದವರು ತೋರಿಸಿದ ಹಾಗೆ, ಈ ತೊಂದರೆಯಿರುವ ಇಂಗ್ಲಿಷ್ ಮಕ್ಕಳು ಕ್ರಿಯಾಪದದ ಬಾಲ ಬಿಟ್ಟುಬಿಡುತ್ತಾರೆ. "ವಾಕ್ಡ್" ಅನ್ನುವ ಕಡೆ "ವಾಕ್" ಅನ್ನುತ್ತಾರೆ, "ಹೀ ಗೋಸ್" ಬದಲು "ಹೀ ಗೋ" ಅನ್ನುತ್ತಾರೆ. ಐದು ವರ್ಷ ದಾಟಿದ ಮೇಲೂ ಹೀಗೇ ಇದ್ದರೆ ಅದು ದೊಡ್ಡ ಸೂಚನೆ. ಅಲ್ಲಿನ ಪರೀಕ್ಷೆಗಳಲ್ಲಿ ಇದಕ್ಕೇ ತೂಕ ಜಾಸ್ತಿ. ಈಗ ಕನ್ನಡಕ್ಕೆ ಬನ್ನಿ. "ಹೋಗು", "ತಿನ್ನು" ಅಂತ ಯಾರಿಗಾದರೂ ಹೇಳುವಾಗ ಬಿಟ್ಟರೆ ನಮ್ಮ ಕ್ರಿಯಾಪದ ಬೋಳಾಗಿ ಓಡಾಡುವುದೇ ಕಮ್ಮಿ. ಹೋದ, ಹೋದಳು, ಹೋಯ್ತು, ಹೋದ್ವಿ ಅಂತ ಒಂದಲ್ಲ ಒಂದು ಬಾಲ ಇದ್ದೇ ಇರುತ್ತೆ. ಮಗು ಕೇಳುವುದೂ ಬಾಲ ಇರುವ ಪದವನ್ನೇ, ಕಲಿಯುವುದೂ ಅದನ್ನೇ. ತಪ್ಪಿದರೆ ಒಂದರ ಬದಲು ಇನ್ನೊಂದು ಬಾಲ ಹಾಕಬಹುದು, "ಅಮ್ಮ ಹೋದ" ಅನ್ನಬಹುದು. ಬಾಲವೇ ಇಲ್ಲದ ಮಾತಿಗಾಗಿ ಕಾದು ಕೂತರೆ ಅದು ಕೇಳಿಸಲಿಕ್ಕಿಲ್ಲ. ಇಟಾಲಿಯನ್‌ನಂಥ ಬಾಲ ಜಾಸ್ತಿಯಿರುವ ಭಾಷೆಗಳ ಮಕ್ಕಳೂ ಇಂಗ್ಲಿಷ್ ಮಕ್ಕಳಷ್ಟು ಇಲ್ಲಿ ಎಡವುವುದಿಲ್ಲ ಅಂತ ಲಾರೆನ್ಸ್ ಲೆನಾರ್ಡ್ ಅವರ ಕೆಲಸ ತೋರಿಸಿದೆ.

ಹಾಗಾದರೆ ಕನ್ನಡದಲ್ಲಿ ಎಲ್ಲಿ ನೋಡಬೇಕು? ಬಾಯಾರಿದ ಕಾಗೆಯ ಚಿತ್ರಗಳನ್ನು ಮುಂದಿಟ್ಟು ಆರು ವರ್ಷದ ಇಬ್ಬರು ಮಕ್ಕಳಿಗೆ ಕಥೆ ಹೇಳಿ ಅಂದೆವು ಅಂದುಕೊಳ್ಳಿ. ತೋರಿಸುವುದಕ್ಕೆ ಅಂತ ಇವನ್ನು ನಾನೇ ಹೆಣೆದಿದ್ದೇನೆ.

ಮೊದಲನೇ ಮಗು: "ಒಂದು ಕಾಗೆ ಇತ್ತಂತೆ. ಅದಕ್ಕೆ ತುಂಬಾ ಬಾಯಾರಿಕೆ ಆಗಿತ್ತಂತೆ. ನೀರು ಹುಡುಕ್ಕೊಂಡು ಹೋಗ್ತಾ ಇದ್ದಾಗ ಒಂದು ಗಡಿಗೆ ಕಾಣಿಸ್ತು. ಬಗ್ಗಿ ನೋಡಿದ್ರೆ ನೀರು ತಳದಲ್ಲಿತ್ತು. ಅದಕ್ಕೇ ಕಲ್ಲು ತಂದು ತಂದು ಹಾಕ್ತು. ನೀರು ಮೇಲೆ ಬಂದ್ಮೇಲೆ ಕುಡಿದು ಹಾರಿಹೋಯ್ತು."

ಎರಡನೇ ಮಗು: "ಕಾಗೆ ಬಂತು. ನೀರು... ಅದು ಇತ್ತು. ಆಮೇಲೆ ಇದು ಹಾಕ್ತು. ಆಮೇಲೆ ಹಾಕ್ತು. ಆಮೇಲೆ ಅದು ಬಂತು. ಕುಡೀತು. ಹೋಯ್ತು."

ಎರಡನೇ ಮಗುವಿನ ಮಾತನ್ನು ಮತ್ತೆ ಓದಿ. ಬಂತು, ಹಾಕ್ತು, ಕುಡೀತು, ಹೋಯ್ತು. ಒಂದು ಬಾಲವೂ ತಪ್ಪಿಲ್ಲ. ಬಾಲ ಎಣಿಸುವ ಪರೀಕ್ಷೆಯಲ್ಲಿ ಈ ಮಗು ಪಾಸು. ಇಲ್ಲದಿರುವುದು ವಾಕ್ಯ ವಾಕ್ಯಕ್ಕೆ ಗಂಟು ಹಾಕುವ ಸಾಮಾನು: "ಹುಡುಕ್ಕೊಂಡು", "ಇದ್ದಾಗ", "ನೋಡಿದ್ರೆ", "ಅದಕ್ಕೇ", "ಬಂದ್ಮೇಲೆ". ಕಾಗೆಗೆ ಬಾಯಾರಿಕೆ ಅನ್ನುವುದೇ ಬಂದಿಲ್ಲ. ಹಾಗಾಗಿ ಕಲ್ಲು ಯಾಕೆ ಹಾಕಿತು ಅಂತ ಕೇಳುವವರಿಗೆ ತಿಳಿಯಲ್ಲ. ಗಡಿಗೆ, ಕಲ್ಲು ಎರಡೂ "ಅದು", "ಇದು" ಆಗಿಬಿಟ್ಟಿವೆ. ಕೇಳಿದ ಕಥೆಯನ್ನು ಹೇಳುವಾಗ ಕನ್ನಡದ ಮಕ್ಕಳು ಹಾಕುವ "ಅಂತೆ" ಕೂಡ ಇಲ್ಲ. ಒಂದೇ ಕಥೆ ಕೇಳಿ ತೀರ್ಮಾನಕ್ಕೆ ಬರಬಾರದು ನಿಜ. ಮಗುವಿಗೆ ಅವತ್ತು ಮೂಡ್ ಇಲ್ಲದೆ ಇರಬಹುದು, ಎದುರಿಗೆ ಕೂತವರ ಭಯ ಇರಬಹುದು. ಆದರೆ ಹುಡುಕಬೇಕಾದ ಜಾಗ ಇದು.

ಸುಮ್ನೆ ಅನುವಾದ ಮಾಡಿದ ಪರೀಕ್ಷೆಗಳಿಂದ ಇನ್ನೂ ಏನೇನೋ ಎಡವಟ್ಟಾಗುತ್ತೆ. 1958ರಲ್ಲಿ ಜೀನ್ ಬರ್ಕೊ ಮಾಡಿದ ಪ್ರಯೋಗ ತುಂಬಾ ಹೆಸರುವಾಸಿ. ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ತೋರಿಸಿ "ಇದು ವಗ್" ಅನ್ನುವುದು, ಆಮೇಲೆ ಎರಡು ತೋರಿಸಿ "ಇಲ್ಲಿ ಎರಡು...?" ಅಂತ ನಿಲ್ಲಿಸುವುದು. ಇಂಗ್ಲಿಷ್ ಮಗು "ವಗ್ಸ್" ಅನ್ನಬೇಕು. ಅದೇ ಆಟವನ್ನು ಕನ್ನಡದಲ್ಲಿ ಆಡಿ, ಮಗು "ಎರಡು ವಗ್" ಅಂದರೆ ತಪ್ಪಾ? ನಾವು "ಎರಡು ಬೆಕ್ಕು", "ಮೂರು ಪುಸ್ತಕ" ಅಂತಲೇ ಅಲ್ವಾ ಹೇಳುವುದು! "ಗಳು" ಹಾಕಲಿಲ್ಲ ಅಂತ ಅಂಕ ಕಳೆದರೆ ಇಡೀ ಕರ್ನಾಟಕವೇ ಫೇಲು.

ಇನ್ನೊಂದು ನೋಡಿ. "ಹುಡುಗಿ ಹುಡುಗನನ್ನು ತಳ್ಳಿದಳು" ಅನ್ನುವುದನ್ನು ತಿರುಗಿಸಿ ಹೇಳಿದರೆ ಅರ್ಥವಾಗುತ್ತಾ ಅಂತ ಇಂಗ್ಲಿಷ್ ಪರೀಕ್ಷೆಗಳು ನೋಡುತ್ತವೆ. ಅದನ್ನು ಕನ್ನಡಕ್ಕೆ ತಂದರೆ "ಹುಡುಗನು ಹುಡುಗಿಯಿಂದ ತಳ್ಳಲ್ಪಟ್ಟನು" ಆಗುತ್ತೆ. ಈ ವಾಕ್ಯ ಮನೆಯಲ್ಲಿ ಯಾರ ಬಾಯಲ್ಲೂ ಬರಲ್ಲ. ಸರ್ಕಾರಿ ಸುತ್ತೋಲೆ ಓದಿದವರಿಗೆ ಮಾತ್ರ ಪರಿಚಯ. ಐದು ವರ್ಷದ ಮಗು ಇದರಲ್ಲಿ ತಪ್ಪಿದರೆ ಆ ಮಗುವಿನ ಬಗ್ಗೆ ನಮಗೆ ಗೊತ್ತಾಗುವುದು ಏನೂ ಇಲ್ಲ.

ಮಗುವಿನ ವಾಕ್ಯ ಎಷ್ಟು ಉದ್ದ ಅಂತ ಎಣಿಸುವ ಪದ್ಧತಿಯೂ ಇದೆ. ರೋಜರ್ ಬ್ರೌನ್ 1973ರಲ್ಲಿ ಇದನ್ನು ಜನಪ್ರಿಯ ಮಾಡಿದರು. ಕನ್ನಡದಲ್ಲಿ ಪದ ಎಣಿಸಿದರೆ ಮಗುವಿಗೆ ಅನ್ಯಾಯ. "ಕೊಟ್ಟುಬಿಟ್ಟಿದ್ದಾಳಂತೆ" ಅನ್ನುವುದು ಒಂದು ಪದ. ಕೊಟ್ಟದ್ದು, ಕೊಟ್ಟು ಮುಗಿಸಿದ್ದು, ಕೊಟ್ಟವಳು ಹೆಣ್ಣು, ಇದು ಇನ್ನೊಬ್ಬರಿಂದ ಕೇಳಿದ್ದು, ಇಷ್ಟೂ ಅದರೊಳಗಿದೆ. ಬಿಡಿಸಿ ಎಣಿಸೋಣ ಅಂದರೆ ಎಷ್ಟು ತುಂಡು ಮಾಡಬೇಕು ಅಂತ ಪಂಡಿತರಲ್ಲೇ ಜಗಳ.

ಕನ್ನಡದಲ್ಲಿ ಏನೂ ಆಗಿಲ್ಲ ಅಂತ ಹೇಳಿದರೆ ಅದೂ ತಪ್ಪಾಗುತ್ತೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ದಶಕಗಳಿಂದ ಕನ್ನಡದ ಪರೀಕ್ಷೆಗಳನ್ನು ರೂಪಿಸುತ್ತಾ ಬಂದಿದೆ. ಪ್ರತಿಭಾ ಕಾರಂತ 1980ರಲ್ಲಿ ಸಿದ್ಧಪಡಿಸಿದ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ಕನ್ನಡದ ಧ್ವನಿ, ವಾಕ್ಯ, ಅರ್ಥ ಮೂರನ್ನೂ ಬೇರೆ ಬೇರೆಯಾಗಿ ನೋಡುತ್ತೆ. ಕನ್ನಡದ ರಚನೆಯನ್ನೇ ತಳಪಾಯ ಮಾಡಿಕೊಂಡ ಕೆಲಸ ಅದು. ಆದರೆ ಇಂಥ ಸಾಧನಗಳಲ್ಲಿ ಅನೇಕವು ವಿದ್ಯಾರ್ಥಿಗಳ ಪ್ರಬಂಧಗಳಾಗಿ ಹುಟ್ಟಿ, ಒಂದೇ ಊರಿನ ಸ್ವಲ್ಪ ಮಕ್ಕಳ ಮೇಲೆ ಪರೀಕ್ಷೆಯಾಗಿ, ಲೈಬ್ರರಿ ಸೇರಿದವು. ರಾಜ್ಯದ ಎಲ್ಲ ಭಾಗದ, ಹಳ್ಳಿ ಪೇಟೆ ಎರಡೂ ಕಡೆಯ ಮಕ್ಕಳನ್ನು ಅಳೆದು, "ಈ ವಯಸ್ಸಿಗೆ ಇಷ್ಟು" ಅಂತ ಹೇಳುವ ಪಟ್ಟಿ ಥೆರಪಿಸ್ಟ್ ಮೇಜಿನ ಮೇಲೆ ಇರಬೇಕು. ಅದು ಇಲ್ಲದಾಗ ಅವರು ತಮ್ಮ ಅನುಭವದ ಮೇಲೆ ಹೋಗುತ್ತಾರೆ. ಒಳ್ಳೆ ಥೆರಪಿಸ್ಟ್ ಸಿಕ್ಕಿದರೆ ಬಚಾವ್.

ಯಾವ ಕನ್ನಡ ಅನ್ನುವುದೂ ದೊಡ್ಡ ಪ್ರಶ್ನೆ. ಈರುಳ್ಳಿ ಚಿತ್ರ ತೋರಿಸಿದರೆ ಧಾರವಾಡದ ಮಗು "ಉಳ್ಳಾಗಡ್ಡಿ" ಅನ್ನುತ್ತೆ, ಕರಾವಳಿಯ ಮಗು "ನೀರುಳ್ಳಿ" ಅನ್ನುತ್ತೆ. ಇದನ್ನು ಯಾರೂ ತಪ್ಪು ಅನ್ನಲಿಕ್ಕಿಲ್ಲ. ಆದರೆ ಮಂಡ್ಯ ಕಡೆಯ ಮಗು "ಹಾಲು" ಅನ್ನುವುದಕ್ಕೆ "ಆಲು" ಅಂದರೆ? ಆ ಮಗುವಿನ ಅಪ್ಪ, ಅಜ್ಜ, ಪಕ್ಕದ ಮನೆಯವರು ಎಲ್ಲರೂ ಹಾಗೇ ಅನ್ನುವುದು. ಅದನ್ನು ಉಚ್ಚಾರದ ದೋಷ ಅಂತ ಬರೆದು ಥೆರಪಿ ಶುರುಮಾಡಿದರೆ ಆ ಮಗುವಿಗೆ ಕಲಿಸಿದಂತಾಗುವುದು ಇಷ್ಟೇ: ನಿಮ್ಮ ಮನೆಯ ಮಾತು ಕೆಟ್ಟದ್ದು ಅಂತ. ಮೊದಲು ಮನೆಯವರ ಮಾತು ಕೇಳಿಸಿಕೊಳ್ಳಬೇಕು, ಆಮೇಲೆ ಮಗುವಿನದು.

ಇನ್ನು ಎರಡು ಮೂರು ಭಾಷೆಯ ಮನೆಗಳು. ಬೆಂಗಳೂರಿನಲ್ಲಿ ಅಮ್ಮ ತೆಲುಗು, ಅಪ್ಪ ಕನ್ನಡ, ಶಾಲೆ ಇಂಗ್ಲಿಷ್. ಮಂಗಳೂರಿನಲ್ಲಿ ತುಳು ಅಥವಾ ಕೊಂಕಣಿ, ಕಲಬುರಗಿಯಲ್ಲಿ ಉರ್ದು. ಮಗುವಿನ ಮಾತು ತಡವಾದ ಕೂಡಲೇ ಸಿಗುವ ಸಲಹೆ ಒಂದೇ: "ತಲೆ ಕೆಡಿಸಬೇಡಿ, ಮನೆಯಲ್ಲೂ ಇಂಗ್ಲಿಷ್ ಮಾತ್ರ ಮಾತಾಡಿ." ಕೆಲವು ಡಾಕ್ಟರುಗಳೂ ಹೀಗೆ ಹೇಳುತ್ತಾರೆ. ಇದಕ್ಕೆ ಆಧಾರ ಇಲ್ಲ. ಕೆನಡಾದಲ್ಲಿ ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು ಭಾಷಾ ತೊಂದರೆಯಿರುವ ಏಳು ವರ್ಷದ ಮಕ್ಕಳನ್ನು ನೋಡಿ 2003ರಲ್ಲಿ ಬರೆದರು. ಫ್ರೆಂಚ್, ಇಂಗ್ಲಿಷ್ ಎರಡೂ ಕಲಿಯುತ್ತಿದ್ದವರು ಒಂದೇ ಭಾಷೆಯವರಿಗಿಂತ ವ್ಯಾಕರಣದಲ್ಲಿ ಹೆಚ್ಚೇನೂ ಹಿಂದಿರಲಿಲ್ಲ. ಚಿಕ್ಕ ಅಧ್ಯಯನವೇ, ಆದರೆ ಎರಡು ಭಾಷೆ ಈ ತೊಂದರೆಯನ್ನು ಹುಟ್ಟಿಸುತ್ತೆ ಅನ್ನುವ ನಂಬಿಕೆಗೆ ಅಲ್ಲಿ ಬಲ ಸಿಗಲಿಲ್ಲ. ಬದಲಿಗೆ ಆ ಸಲಹೆ ಪಾಲಿಸಿದರೆ ಏನಾಗುತ್ತೆ ನೋಡಿ. ಇಂಗ್ಲಿಷ್ ಸರಿಯಾಗಿ ಬಾರದ ಅಮ್ಮ "ಕಮ್, ಈಟ್, ಸಿಟ್" ಅಂತ ಮೂರು ಪದದಲ್ಲಿ ದಿನ ತಳ್ಳುತ್ತಾರೆ. ಭಾಷೆ ಜಾಸ್ತಿ ಬೇಕಾದ ಮಗುವಿಗೇ ಮನೆಯಲ್ಲಿ ಭಾಷೆ ಕಮ್ಮಿಯಾಗುತ್ತೆ.

ಅಳತೆಯಲ್ಲೂ ಇದೇ ಸೂಕ್ಷ್ಮ ಬೇಕು. ಡಿಎಲ್‌ಡಿ ಇದ್ದರೆ ಮಗುವಿಗೆ ಬರುವ ಎಲ್ಲ ಭಾಷೆಯಲ್ಲೂ ತೊಂದರೆ ಕಾಣಬೇಕು. ಮನೆಯಲ್ಲಿ ಕನ್ನಡದಲ್ಲಿ ಪಟಪಟ ಕಥೆ ಹೇಳುವ ಮಗು ಶಾಲೆಯಲ್ಲಿ ಇಂಗ್ಲಿಷ್‌ನಲ್ಲಿ ಬಾಯಿ ಬಿಡದಿದ್ದರೆ, ಅದಕ್ಕೆ ಇಂಗ್ಲಿಷ್ ಇನ್ನೂ ಬಂದಿಲ್ಲ, ಅಷ್ಟೇ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿನ ವಿಶೇಷ ಶಿಕ್ಷಣದ ಕಾನೂನಿನ ಪ್ರಕಾರ, ಸಾಧ್ಯವಿರುವ ಕಡೆಯೆಲ್ಲ ಮಗುವಿನ ಮನೆಮಾತಿನಲ್ಲೇ ಮೌಲ್ಯಮಾಪನ ಆಗಬೇಕು. ಕೇಳಲು ಹಿಂಜರಿಯಬೇಡಿ. ಕನ್ನಡದಲ್ಲಿ ಪರೀಕ್ಷೆ ಇಲ್ಲ ಅಂದರೆ ಕಥೆ ಹೇಳಿಸಿ ರೆಕಾರ್ಡ್ ಮಾಡಿಕೊಡಿ.

ಓದಿಗೆ ಬಂದಾಗ ಕನ್ನಡದ ಲಿಪಿ ಒಂದು ಮೋಸ ಮಾಡುತ್ತೆ. ಅಕ್ಷರ, ಕಾಗುಣಿತ, ಒತ್ತಕ್ಷರ ಕಲಿಯಲು ಸಮಯ ಹಿಡಿಯುತ್ತೆ. ಈ ಅಕ್ಷರಗಳ ಸಂಖ್ಯೆ ನಾನೂರು ದಾಟುತ್ತೆ, ಮೂರು ನಾಲ್ಕನೇ ಕ್ಲಾಸಿನ ತನಕವೂ ಕಲಿಕೆ ನಡೆದಿರುತ್ತೆ ಅಂತ ಸೋನಾಲಿ ನಾಗ್ ಕನ್ನಡ ಮಕ್ಕಳ ಮೇಲೆ ಮಾಡಿದ ಅಧ್ಯಯನಗಳು ತೋರಿಸಿವೆ. ಆದರೆ ಒಮ್ಮೆ ಕಲಿತರೆ, ಬರೆದದ್ದನ್ನು ಹಾಗೇ ಓದಬಹುದು. ಡಿಎಲ್‌ಡಿ ಇರುವ ಕೆಲವು ಮಕ್ಕಳು ಪಾಠವನ್ನು ಗಟ್ಟಿಯಾಗಿ, ತಡವರಿಸದೆ ಓದಿಬಿಡುತ್ತಾರೆ. "ಓದ್ತಾನಲ್ಲ, ಉತ್ತರ ಬರೆಯೋಕೆ ಮಾತ್ರ ಸೋಮಾರಿತನ" ಅನ್ನುತ್ತಾರೆ ಟೀಚರ್. ಓದಿದ್ದರಲ್ಲಿ ಅರ್ಧ ಅವನಿಗೆ ಅರ್ಥವೇ ಆಗಿರುವುದಿಲ್ಲ. ಲೆಕ್ಕದಲ್ಲೂ ಹೀಗೇ. "12ರಿಂದ 5 ಕಳೆ" ಅಂದರೆ ಮಾಡುತ್ತಾನೆ. "ರಾಜುವಿನ ಬಳಿ ಇರುವುದಕ್ಕಿಂತ 5 ಗೋಲಿ ಕಮ್ಮಿ ರವಿಯ ಬಳಿ ಇದ್ದರೆ" ಅಂದ ಕೂಡಲೇ ಪೆನ್ಸಿಲ್ ಕೆಳಗಿಡುತ್ತಾನೆ.

ಹಾಗಾದರೆ ಸರಿಯಾದ ಮೌಲ್ಯಮಾಪನ ಅಂದರೆ ಹೇಗಿರುತ್ತೆ? ಎಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆ, ತಪ್ಪಿಸುವ ಹಾಗೇ ಇಲ್ಲ. ಕಿವಿಯಲ್ಲಿ ಪದೇ ಪದೇ ಸೋರಿಕೆ, ಸೋಂಕು ಆಗುವ ಮಗುವಿಗೆ ಮಾತು ಅರ್ಧಂಬರ್ಧ ಕೇಳಿಸುತ್ತಿರಬಹುದು. ಆಮೇಲೆ ಮನೆಯವರ ಜೊತೆ ನಿಧಾನವಾಗಿ ಮಾತು: ಯಾವ ಭಾಷೆ ಯಾರ ಜೊತೆ, ಮನೆತನದಲ್ಲಿ ಇನ್ಯಾರಿಗಾದರೂ ಹೀಗಿತ್ತಾ ಅಂತ. ಮಗು ಆಡುವಾಗಿನ ಮಾತನ್ನು ರೆಕಾರ್ಡ್ ಮಾಡಿ ಬರೆದು ನೋಡುವುದು. ಚಿತ್ರ ನೋಡಿ ಕಥೆ ಹೇಳಿಸುವುದು. ಅರ್ಥವಿಲ್ಲದ ಪದವನ್ನು, "ಬಲುತಿಪೆಗ" ಅನ್ನುವಂಥದ್ದನ್ನು, ಕೇಳಿ ಹಾಗೇ ಹೇಳಿಸುವುದು. ಈ ಕೊನೆಯದು ಆಟದಂತೆ ಕಂಡರೂ ಗಟ್ಟಿ ಸಾಧನ. ಹೊಸ ಪದದ ಸದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು ಈ ಮಕ್ಕಳಿಗೆ ಕಷ್ಟ ಅಂತ 1990ರಲ್ಲೇ ಗ್ಯಾದರ್ಕೋಲ್, ಬ್ಯಾಡ್ಲಿ ತೋರಿಸಿದ್ದರು. ಯಾರ ಮನೆಯಲ್ಲೂ ಇಲ್ಲದ ಪದ ಆದ್ದರಿಂದ ಬಡವರ ಮಗು, ಶ್ರೀಮಂತರ ಮಗು ಅನ್ನುವ ವ್ಯತ್ಯಾಸವೂ ಕಮ್ಮಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಪ್ರಾಮಾಣಿಕ ವಿಧಾನ ಅಂದರೆ ಪರೀಕ್ಷಿಸಿ, ಸ್ವಲ್ಪ ಕಲಿಸಿ, ಮತ್ತೆ ಪರೀಕ್ಷಿಸುವುದು. ಮಗುವಿಗೆ "ಯಾಕಂದ್ರೆ" ಹಾಕಿ ಹೇಳುವುದನ್ನು ಎರಡು ಮೂರು ಭೇಟಿಯಲ್ಲಿ ಕಲಿಸಿ ನೋಡಿ. ಬರೀ ಅವಕಾಶ ಸಿಗದೆ ಹಿಂದುಳಿದ ಮಗು ಬೇಗ ಎತ್ತಿಕೊಳ್ಳುತ್ತೆ. ಡಿಎಲ್‌ಡಿ ಇರುವ ಮಗುವಿಗೆ ಎಷ್ಟು ಹೇಳಿಕೊಟ್ಟರೂ ಜಾರುತ್ತಲೇ ಇರುತ್ತೆ. ಅನುವಾದದ ಅಂಕಪಟ್ಟಿಯಿಂದ ಈ ವ್ಯತ್ಯಾಸ ಸಿಗಲ್ಲ. ಆದರೆ ಇದಕ್ಕೆ ಸಮಯ ಬೇಕು. ಅರ್ಧ ಗಂಟೆಯಲ್ಲಿ ರಿಪೋರ್ಟ್ ಕೈಗೆ ಕೊಟ್ಟರೆ, ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ, ಎಲ್ಲಿಯ ಮಕ್ಕಳಿಗೆ ಹೋಲಿಸಿ ಅಂತ ಕೇಳಿ. ರಿಪೋರ್ಟಿನಲ್ಲಿ ಮಗು ಆಡಿದ ನಾಲ್ಕು ವಾಕ್ಯವಾದರೂ ಇರಬೇಕು.

ಸರ್ಕಾರದ ಕಡೆ ಬಾಗಿಲೇ ಇಲ್ಲ ಅಂತೇನಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಿಗೆ ತಂಡ ಹೋಗಿ ಮಕ್ಕಳನ್ನು ನೋಡುತ್ತೆ. ಪಟ್ಟಿಯಲ್ಲಿ ಭಾಷೆಯ ಬೆಳವಣಿಗೆ ತಡವಾಗುವುದೂ ಇದೆ. ಅಲ್ಲಿಂದ ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು. ಕಾಗದದ ಮೇಲೆ ದಾರಿ ಸರಿಯಾಗಿದೆ.

ಕಾನೂನಿನಲ್ಲಿ ಮಾತ್ರ ಈ ಮಗುವಿಗೆ ಕುರ್ಚಿ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ವಿಧಗಳಿವೆ, "ಮಾತು ಮತ್ತು ಭಾಷೆಯ ವೈಕಲ್ಯ" ಅಂತಲೂ ಒಂದಿದೆ. ಆದರೆ ಅದರ ವಿವರಣೆ ನೋಡಿ: ಧ್ವನಿಪೆಟ್ಟಿಗೆ ತೆಗೆದದ್ದು, ಮಿದುಳಿಗೆ ಪೆಟ್ಟಾಗಿ ಭಾಷೆ ಹೋದದ್ದು, ಇಂಥ ಅಂಗದ ಅಥವಾ ನರದ ಕಾರಣದಿಂದ ಬಂದ ಶಾಶ್ವತ ವೈಕಲ್ಯ. ಅಂದರೆ ಇದ್ದ ಮಾತನ್ನು ಕಳೆದುಕೊಂಡ ದೊಡ್ಡವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಮಿದುಳಿನ ಸ್ಕ್ಯಾನಿನಲ್ಲಿ ತೋರಿಸಲು ಏನೂ ಇಲ್ಲದ ಮಗು ಇದರೊಳಗೆ ಹೊಂದಲ್ಲ. "ನಿರ್ದಿಷ್ಟ ಕಲಿಕಾ ವೈಕಲ್ಯ" ಅನ್ನುವ ಇನ್ನೊಂದು ವಿಧದ ವಿವರಣೆಯಲ್ಲಿ ಆಡುವ ಭಾಷೆಯ ತೊಂದರೆಯೂ ಸೇರಿದೆ. ಅಲ್ಲಿ ಜಾಗ ಸಿಗಬಹುದು. ಆದರೆ 2018ರ ಮಾರ್ಗಸೂಚಿಯಲ್ಲಿ ಅದಕ್ಕೆ ಶಾಲೆಯಲ್ಲಿ ತಪಾಸಣೆ ಇಟ್ಟದ್ದು 3ನೇ ತರಗತಿಗೆ ಅಥವಾ 8 ವರ್ಷಕ್ಕೆ. ಅಳೆಯುವುದೂ ಹೆಚ್ಚಾಗಿ ಓದು, ಬರಹ, ಲೆಕ್ಕವನ್ನು. ಮೇಲೆ ಹೇಳಿದ ಹಾಗೆ ಗಟ್ಟಿಯಾಗಿ ಓದಬಲ್ಲ ಮಗು ಅಲ್ಲೂ ನುಣುಚಿಕೊಳ್ಳಬಹುದು.

ನಾಲ್ಕು ವರ್ಷಕ್ಕೆ ತೊಂದರೆ ಪತ್ತೆಯಾಯಿತು ಅಂದುಕೊಳ್ಳಿ. ಇನ್ನು ನಾಲ್ಕು ವರ್ಷ ಆ ಮಗುವಿಗೆ ವೈಕಲ್ಯದ ಯಾವ ಸರ್ಟಿಫಿಕೇಟೂ ಇಲ್ಲ, ಥೆರಪಿಗೆ ಕೈಯಿಂದಲೇ ದುಡ್ಡು. ಅಂಥ ಹೊತ್ತಿನಲ್ಲಿ ಸೌಲಭ್ಯ ಸಿಗಲಿ ಅಂತ ಆಟಿಸಂ, ಬುದ್ಧಿಮಾಂದ್ಯ ಅನ್ನುವ ಹೆಸರನ್ನೇ ಹಾಕಿಸಿಕೊಳ್ಳೋಣ ಅಂತ ಯಾರಿಗಾದರೂ ಅನಿಸಿದರೆ ಅವರನ್ನು ನಾನು ದೂರಲಾರೆ. ಕಾಯ್ದೆಯ ಆ ಒಂದು ವಿವರಣೆಯನ್ನು ತಿದ್ದುವುದು ಕಷ್ಟದ ಕೆಲಸವೇನಲ್ಲ. ತಿದ್ದಿದ ಮರುದಿನವೇ ಇನ್ನೊಂದು ಪ್ರಶ್ನೆ ಏಳುತ್ತೆ: ಸರ್ಟಿಫಿಕೇಟ್ ಬರೆಯುವ ಬೋರ್ಡು ಯಾವ ಪರೀಕ್ಷೆ ನೋಡಿ ಬರೆಯಬೇಕು? ಅದಕ್ಕೆ ಬೀದರ್‌ನಿಂದ ಚಾಮರಾಜನಗರದ ತನಕದ ಮಕ್ಕಳ ಮಾತನ್ನು ಕೂಡಿಸಿ ಕಟ್ಟಿದ ಕನ್ನಡದ ಅಳತೆ ಬೇಕು. ಮೈಸೂರಿನ ಸಂಸ್ಥೆ, ಜಿಲ್ಲಾ ಕೇಂದ್ರಗಳ ಥೆರಪಿಸ್ಟ್‌ಗಳು, ಅಂಗನವಾಡಿ ಕಾರ್ಯಕರ್ತೆಯರು ಕೈಜೋಡಿಸಿದರೆ ಕೆಲವು ವರ್ಷದಲ್ಲಿ ಮುಗಿಯುವ ಕೆಲಸ. ಜನ ಇದ್ದಾರೆ, ಮಕ್ಕಳು ಇದ್ದಾರೆ. ಇದಕ್ಕೇ ಅಂತ ಹಣ ತೆಗೆದಿಟ್ಟು, ಇಂಥವರೇ ಮಾಡಬೇಕು ಅಂತ ಆದೇಶ ಹೊರಡಿಸಬೇಕಾದ್ದು ರಾಜ್ಯದ ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳು.